ಮನೆಯೇ ಕಾರ್ಖಾನೆಯಾದಾಗ ಗಾಳಿಯ ಲೆಕ್ಕ ಯಾರ ಖಾತೆಗೆ?

ವ್ಯಾಪಾರಸ್ಥನ ಲೆಕ್ಕದ ಪುಸ್ತಕದಲ್ಲಿ ಎಲ್ಲದಕ್ಕೂ ಒಂದು ಕಲಮು ಇರುತ್ತದೆ. ಕಚ್ಚಾ ಮಾಲು, ಕೂಲಿ, ಹಮಾಲಿ, ಬಾಡಿಗೆ, ಸಾಗಾಣಿಕೆ, ಬಡ್ಡಿ, ಕೊನೆಗೆ ತೂಕದಲ್ಲಿ ಬಂದ ಕೊರತೆಗೂ ಒಂದು ಜಾಗವುಂಟು. ಗಾಳಿಗೆ ಮಾತ್ರ ಕಲಮಿಲ್ಲ. ಅದು ಧರ್ಮಕ್ಕೆ ದೊರೆಯುವ ವಸ್ತುವೆಂದು ಎಲ್ಲರೂ ಭಾವಿಸಿದ್ದಾರೆ. ಆದರೆ ವಯಸ್ಕ ಮನುಷ್ಯನೊಬ್ಬ ದಿನವೊಂದಕ್ಕೆ ಸುಮಾರು 11 ಸಾವಿರ ಲೀಟರ್ ಗಾಳಿಯನ್ನು ಉಸಿರಾಡುತ್ತಾನೆ. ಅವನು ತಿನ್ನುವ ಅನ್ನಕ್ಕಿಂತಲೂ ಕುಡಿಯುವ ನೀರಿಗಿಂತಲೂ ಇದರ ತೂಕವೇ ಹೆಚ್ಚು. ಈ ಗಾಳಿಯ ಬಹುಪಾಲು ನಾಲ್ಕು ಗೋಡೆಗಳ ಒಳಗಿನದು ಎಂಬುದನ್ನು ಲಕ್ಷಿಸಿದರೆ, ವಾಯುಮಾಲಿನ್ಯವೆಂದೊಡನೆ ಕಾರ್ಖಾನೆಯ ಚಿಮಣಿಯನ್ನೂ ಲಾರಿಯ ಹೊಗೆಯನ್ನೂ ಮಾತ್ರ ನೆನೆಯುವ ರೂಢಿ ಎಷ್ಟು ಅಪೂರ್ಣವೆಂಬುದು ತಿಳಿಯುತ್ತದೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ಮಟ್ಟಿಗೆ ಈ ಪ್ರಶ್ನೆಗೆ ಇನ್ನೊಂದು ಮುಖವಿದೆ. ಇಲ್ಲಿ ಸಾವಿರಾರು ಕುಟುಂಬಗಳಿಗೆ ಮನೆಯೇ ಕೆಲಸದ ಸ್ಥಳ. ನಿಪ್ಪಾಣಿ ಕಡೆಯ ಮನೆಗಳಲ್ಲಿ ಬೀಡಿ ಕಟ್ಟುತ್ತಾರೆ. ಅಥಣಿ ಕಡೆಯ ಮನೆಗಳಲ್ಲಿ ಚಪ್ಪಲಿ ಹೊಲಿಯುತ್ತಾರೆ. ಅಡುಗೆ, ಊಟ, ನಿದ್ರೆ, ಮಕ್ಕಳ ಅಭ್ಯಾಸ ಮತ್ತು ಉದ್ಯೋಗ ಇವೆಲ್ಲ ಒಂದೇ ಸೂರಿನಡಿ ನಡೆಯುವಾಗ, ಆ ಮನೆಯ ಗಾಳಿಯ ಗುಣಮಟ್ಟವನ್ನು ಗೃಹಕೃತ್ಯದ ವಿಷಯವೆಂದು ತಳ್ಳಿಹಾಕಲಾಗದು. ಅದು ಉದ್ಯಮದ ವಿಷಯವೂ ಹೌದು. ಆ ಮನೆಗೆ ಮಾಲು ಕಳುಹಿಸುವವನಿಗೂ ಅಲ್ಲಿಂದ ಮಾಲು ಎತ್ತುವವನಿಗೂ ಅದರಲ್ಲಿ ಪಾಲಿದೆ.

ಬೆಳಕಿಂಡಿ ಮುಚ್ಚಿದ ಮನೆ

ಈ ಭಾಗದ ಹಳೆಯ ಮಾಳಿಗೆ ಮನೆಗಳನ್ನು ಕಟ್ಟಿದವರು ರಸಾಯನಶಾಸ್ತ್ರ ಓದಿದವರಲ್ಲ. ಆದರೂ ಒಲೆಯ ನೆತ್ತಿಯ ಮೇಲೆ ಒಂದು ಬೆಳಕಿಂಡಿ ಬಿಡಲು ಅವರು ಮರೆಯಲಿಲ್ಲ. ಬಿಸಿಗಾಳಿ ಹಗುರವಾಗಿ ಮೇಲೇರಿ ಆ ಕಿಂಡಿಯಿಂದ ಹೊರಬೀಳುತ್ತಿತ್ತು. ಬಾಗಿಲಿನಿಂದ ತಂಪು ಗಾಳಿ ಒಳಬರುತ್ತಿತ್ತು. ಕಾಂಕ್ರೀಟ್ ಛಾವಣಿ ಬಂದಮೇಲೆ ಬೆಳಕಿಂಡಿ ಮುಚ್ಚಿತು. ಆದರೆ ಅನೇಕ ಮನೆಗಳಲ್ಲಿ ಒಲೆ ಹಾಗೆಯೇ ಉಳಿಯಿತು. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಅಡುಗೆ ಅನಿಲದ ಸಂಪರ್ಕಗಳು ಹಳ್ಳಿಗಳನ್ನು ತಲುಪಿದವೆಂಬುದು ನಿಜ. ಆದರೂ ಹೊಲದಲ್ಲಿ ಕಬ್ಬಿನ ರವದಿ, ಮೆಕ್ಕೆಜೋಳದ ಬೆಂಡು, ಜಾಲಿ ಕಟ್ಟಿಗೆ, ಕೊಟ್ಟಿಗೆಯಲ್ಲಿ ಕುಳ್ಳು ಪುಕ್ಕಟೆಯಾಗಿ ದೊರೆಯುವಾಗ, ಸಿಲಿಂಡರನ್ನು ಚಹಾ ಕಾಯಿಸಲು ಮೀಸಲಿಟ್ಟು ಸ್ನಾನದ ನೀರು ಮತ್ತು ರೊಟ್ಟಿಗೆ ಕಟ್ಟಿಗೆಯನ್ನೇ ಉರಿಸುವ ಮನೆಗಳು ಇಂದಿಗೂ ಉಂಟು.

ಕಟ್ಟಿಗೆ ಸಂಪೂರ್ಣವಾಗಿ ಉರಿದರೆ ಇಂಗಾಲದ ಡೈಆಕ್ಸೈಡ್ ಮತ್ತು ನೀರಿನ ಆವಿ ಮಾತ್ರ ಉಳಿಯಬೇಕು. ಸಾಮಾನ್ಯ ಒಲೆಯಲ್ಲಿ ಹಾಗಾಗುವುದಿಲ್ಲ. ಗಾಳಿ ಸಾಲದೆ ಅರೆಬೆಂದ ಉರಿಯಿಂದ ಕಾರ್ಬನ್ ಮಾನಾಕ್ಸೈಡ್, ಫಾರ್ಮಾಲ್ಡಿಹೈಡ್, ಬೆಂಜೀನ್ ಮತ್ತು ಅತಿಸೂಕ್ಷ್ಮ ಕಣಗಳು ಹೊರಬರುತ್ತವೆ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ನೊಡನೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾದ ಬಿಗಿಯಿಂದ ಕೂಡುತ್ತದೆ. 2.5 ಮೈಕ್ರಾನ್‌ಗಿಂತ ಚಿಕ್ಕದಾದ ಕಣಗಳಾದರೋ ತಲೆಗೂದಲಿನ ದಪ್ಪದ ಸುಮಾರು ಮೂವತ್ತನೆಯ ಒಂದು ಭಾಗದಷ್ಟಿದ್ದು, ಮೂಗಿನ ಕೂದಲನ್ನೂ ಗಂಟಲಿನ ಕಫವನ್ನೂ ದಾಟಿ ಶ್ವಾಸಕೋಶದ ಆಳಕ್ಕಿಳಿಯುತ್ತವೆ. ಒಂದು ಘನ ಮೀಟರ್ ಗಾಳಿಯಲ್ಲಿ ಇಂತಹ ಕಣಗಳು ದಿನದ ಸರಾಸರಿಯಲ್ಲಿ 15 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಸೂಚಿಸಿದೆ. ಭಾರತದ 2009ರ ಹೊರಾಂಗಣ ಮಾನದಂಡವು 60ರವರೆಗೆ ಸಹಿಸುತ್ತದೆ. ಹೊಗೆಗೂಡಿಲ್ಲದ ಅಡುಗೆಮನೆಯಲ್ಲಿ ಈ ಅಂಕಿ ನೂರಾರಕ್ಕೇರುವುದು ವಿಶೇಷವೇನಲ್ಲ. 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಸಾವುಗಳಿಗೆ ಮನೆಯೊಳಗಿನ ಹೊಗೆಯೇ ಕಾರಣವೆಂದು ಅದೇ ಸಂಸ್ಥೆಯ ಅಂದಾಜು.

ಪರಿಹಾರ ಗೊತ್ತಿಲ್ಲದೆ ಯಾರೂ ಕುಳಿತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರವು 1980ರ ದಶಕದಲ್ಲಿಯೇ ಕಡಿಮೆ ಕಟ್ಟಿಗೆಯಲ್ಲಿ ಉರಿಯುವ, ಹೊಗೆಗೊಳವೆಯುಳ್ಳ ಅಸ್ತ್ರ ಒಲೆಯನ್ನು ರೂಪಿಸಿ ಕರ್ನಾಟಕದ ಹಳ್ಳಿಗಳಿಗೆ ಮುಟ್ಟಿಸಿತು. ಒಲೆ ಕಟ್ಟಿಕೊಟ್ಟರೆ ಸಾಲದು, ಕೊಳವೆಯನ್ನು ಕಾಲಕಾಲಕ್ಕೆ ಶುಚಿಗೊಳಿಸುವವರೂ ಒಡೆದುದನ್ನು ಬದಲಿಸುವವರೂ ಊರಿನಲ್ಲಿಯೇ ಇರಬೇಕು ಎಂಬುದು ಇಂತಹ ಒಲೆಗಳು ಕಲಿಸಿದ ಪಾಠ. ಆ ಸೇವೆಯನ್ನು ಸರ್ಕಾರಕ್ಕಿಂತ ಸ್ಥಳೀಯ ಗೌಂಡಿ ಮತ್ತು ಫ್ಯಾಬ್ರಿಕೇಶನ್ ಅಂಗಡಿಯವನೇ ಚೆನ್ನಾಗಿ ನಡೆಸಬಲ್ಲ.

ಬೀಡಿಯ ಮೊರ, ಮಗುವಿನ ತೊಟ್ಟಿಲು

ನಿಪ್ಪಾಣಿಯ ಹೆಸರು ದೇಶದ ತಂಬಾಕು ಪೇಟೆಗಳಲ್ಲಿ ಪರಿಚಿತವಾದುದು. ಆ ಪೇಟೆಯ ಗಾಳಿಯೂ ಚರ್ಚೆಗೆ ಹೊಸದಲ್ಲ. ಅಲ್ಲಿನ ತಂಬಾಕು ಕಾರ್ಖಾನೆಗಳ ಹೆಣ್ಣಾಳುಗಳ ದುಡಿಮೆಯನ್ನೂ ಅವರ ಸಂಘಟನೆಯನ್ನೂ ಕುರಿತು ಯುಗಾಂತರ ಎಂಬ ಮಹಿಳಾ ಚಿತ್ರತಂಡವು ಅವರೊಡಗೂಡಿಯೇ 1982ರಲ್ಲಿ ಒಂದು ಸಾಕ್ಷ್ಯಚಿತ್ರವನ್ನು ತಯಾರಿಸಿತ್ತು. ಅಂದರೆ ತಂಬಾಕಿನ ವಖಾರದೊಳಗಿನ ಬದುಕು ಸಾರ್ವಜನಿಕ ಪ್ರಶ್ನೆಯಾಗಿ ನಾಲ್ಕು ದಶಕಗಳೇ ಕಳೆದಿವೆ. ವಖಾರದಿಂದ ಹೊರಟ ತಂಬಾಕು ಗುತ್ತಿಗೆದಾರನ ಮೂಲಕ ಮನೆಗಳನ್ನು ಸೇರಿದಮೇಲೆ ಏನಾಗುತ್ತದೆಂಬುದರ ಕಡೆಗೆ ಮಾತ್ರ ಅಷ್ಟು ಲಕ್ಷ್ಯ ಹರಿದಿಲ್ಲ.

ಬೀಡಿ ಕಟ್ಟುವ ಹೆಂಗಸು ನೆಲದ ಮೇಲೆ ಕುಳಿತು, ಮಡಿಲಲ್ಲಿ ಮೊರವಿಟ್ಟುಕೊಂಡು, ಹಲವು ಗಂಟೆಗಳ ಕಾಲ ತಂಬಾಕಿನ ಮೇಲೆ ಬಾಗಿರುತ್ತಾಳೆ. ಪುಡಿಯನ್ನು ಕೈಯಾಡಿಸಿದಾಗ, ಕೇರಿದಾಗ ನಯವಾದ ದೂಳು ಏಳುತ್ತದೆ. ನಿಕೋಟಿನ್ ಬರಿಯ ಹೊಗೆಯಲ್ಲಿರುವ ವಸ್ತುವಲ್ಲ. ಅದು ಎಲೆಯಲ್ಲಿಯೇ ಇದೆ. ದೂಳಿನೊಡನೆ ಉಸಿರಿಗೂ, ಬೆವೆತ ಚರ್ಮದ ಮೂಲಕ ರಕ್ತಕ್ಕೂ ಇಳಿಯುತ್ತದೆ. ದೇಹದಲ್ಲಿ ಅದು ಕೋಟಿನಿನ್ ಎಂಬ ವಸ್ತುವಾಗಿ ಮಾರ್ಪಡುತ್ತದೆ. ಒಂದು ದಿನವೂ ಬೀಡಿ ಸೇದದ ಬೀಡಿ ಕಾರ್ಮಿಕರ ಮೂತ್ರದಲ್ಲಿ ಕೋಟಿನಿನ್ ಇರುವುದನ್ನು ಭಾರತೀಯ ಸಂಶೋಧಕರು ದಾಖಲಿಸಿದ್ದಾರೆ. ಮೂಗಿಗೆ ಸೆರಗು ಕಟ್ಟಿಕೊಂಡರೆ ದಪ್ಪ ದೂಳು ತಡೆಯಬಹುದು. ನಯವಾದ ದೂಳನ್ನೂ ಆವಿಯನ್ನೂ ಬಟ್ಟೆ ತಡೆಯದು.

ಮನೆಯಲ್ಲಿ ಈ ಕೆಲಸ ನಡೆದಾಗ ಕಾರ್ಮಿಕಳಲ್ಲದವರೂ ಅದರ ಪಾಲುದಾರರಾಗುತ್ತಾರೆ. ದೂಳು ಹಾಸಿಗೆ, ಬಟ್ಟೆ, ಹಿಟ್ಟಿನ ಡಬ್ಬ, ತೊಟ್ಟಿಲಿನ ಮೇಲೆ ಕುಳಿತುಕೊಳ್ಳುತ್ತದೆ. ನೆಲದ ಮೇಲೆ ಅಂಬೆಗಾಲಿಡುವ ಮಗು ಅದನ್ನು ಕೈಯಿಂದ ಬಾಯಿಗೆ ಒಯ್ಯುತ್ತದೆ. ರಸಾಯನಶಾಸ್ತ್ರದ ಇನ್ನೊಂದು ಎಚ್ಚರಿಕೆಯೂ ಇಲ್ಲಿ ಗಮನಾರ್ಹ. ತಂಬಾಕಿನ ಹೊಗೆಯಿಂದ ಗೋಡೆ, ಬಟ್ಟೆಗಳಿಗೆ ಅಂಟಿದ ನಿಕೋಟಿನ್, ಗಾಳಿಯಲ್ಲಿರುವ ನೈಟ್ರಸ್ ಆಮ್ಲದೊಡನೆ ವರ್ತಿಸಿ ಕ್ಯಾನ್ಸರ್‌ಕಾರಕ ನೈಟ್ರೋಸಮೀನ್‌ಗಳಾಗುತ್ತದೆಂದು 2010ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿದರು. ನೈಟ್ರಸ್ ಆಮ್ಲವು ಹೊರಗಿನಿಂದಲೇ ಬರಬೇಕೆಂದಿಲ್ಲ. ಮನೆಯೊಳಗೆ ಉರಿಯುವ ಒಲೆಯೂ ಅದನ್ನು ಹುಟ್ಟಿಸುತ್ತದೆ. ಆದುದರಿಂದ ಒಲೆಯೂ ತಂಬಾಕೂ ಒಂದೇ ಕೋಣೆಯಲ್ಲಿರುವುದು ಎರಡು ಬೇರೆ ಬೇರೆ ತೊಂದರೆಗಳ ಮೊತ್ತವಷ್ಟೇ ಅಲ್ಲ, ಮೂರನೆಯದೊಂದಕ್ಕೂ ಎಡೆಮಾಡಿಕೊಡಬಲ್ಲದು.

1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆಯು ಕೆಲಸದ ಆವರಣದಲ್ಲಿ ಗಾಳಿ, ಬೆಳಕು, ಶುಚಿತ್ವ ಇರಬೇಕೆಂದು ವಿಧಿಸಿತ್ತು. ಆ ಕಾಯಿದೆ ಈಗ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯಲ್ಲಿ ವಿಲೀನಗೊಂಡಿದ್ದು, ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಕಾಯಿದೆಯ ಹೆಸರು ಏನೇ ಇರಲಿ, ಅಡುಗೆಮನೆಯ ಬಾಗಿಲಲ್ಲಿ ಇನ್ಸ್‌ಪೆಕ್ಟರ್ ನಿಲ್ಲಲಾರ. ಕಾರ್ಖಾನೆಯ ಗೋಡೆ ಒಡೆದು ಕೆಲಸವನ್ನು ಮನೆಗಳಿಗೆ ಹಂಚಿದಾಗ ಬಾಡಿಗೆ, ದೀಪದ ಖರ್ಚು ಉಳಿದದ್ದು ಮಾಲಕನಿಗೆ. ದೂಳು ಉಳಿದದ್ದು ಮನೆಯವರಿಗೆ. ಈ ಮಾತು ಕಹಿಯಾದರೂ ಲೆಕ್ಕದ ದೃಷ್ಟಿಯಿಂದ ಸರಿಯಾದುದೇ.

ಚಪ್ಪಲಿಯ ಅಂಟು

ಅಥಣಿ ಭಾಗದ ಚರ್ಮ ಕುಶಲಕರ್ಮಿಗಳ ಕಥೆ ಇದಕ್ಕಿಂತ ಭಿನ್ನ. ಜಾಲಿ ತೊಗಟೆ ಮತ್ತು ಅಳಲೆಕಾಯಿಯಿಂದ ಹದಮಾಡಿದ ಚರ್ಮ, ಮೊಳೆಯಿಲ್ಲದ ಕೈಹೊಲಿಗೆ, ಇವು ಕೊಲ್ಹಾಪುರಿ ಚಪ್ಪಲಿಯ ಮೂಲ ಲಕ್ಷಣಗಳು. 2019ರಲ್ಲಿ ದೊರೆತ ಭೌಗೋಳಿಕ ಸೂಚಕವು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಬೆಳಗಾವಿ ಸೇರಿದಂತೆ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೂ ಅನ್ವಯಿಸುತ್ತದೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನಲ್ಲಿ ಇದೇ ಮಾದರಿಯ ಚಪ್ಪಲಿ ಪ್ರದರ್ಶಿಸಿ ಟೀಕೆಗೊಳಗಾಯಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಎರಡೂ ರಾಜ್ಯಗಳ ಚರ್ಮೋದ್ಯಮ ನಿಗಮಗಳೊಡನೆ ಒಪ್ಪಂದ ಮಾಡಿಕೊಂಡಿತು. ಹೀಗೆ ಜಗತ್ತಿನ ಕಣ್ಣು ಈ ಕಸುಬಿನ ಮೇಲೆ ಬಿದ್ದಿರುವಾಗ, ಅದರ ಬಲವಿರುವುದು ಯಾವುದರಲ್ಲಿ ಎಂಬುದನ್ನು ತಿಳಿಯುವುದು ಅವಶ್ಯ.

ಕೈಹೊಲಿಗೆಯ ಜೋಡಿಯಲ್ಲಿ ಗಾಳಿ ಕೆಡಿಸುವ ವಸ್ತು ಅತಿ ಕಡಿಮೆ. ಆದರೆ ಸಮಯ ಉಳಿಸಲು ರಬ್ಬರ್ ಅಟ್ಟೆಯನ್ನು ಸೊಲ್ಯೂಶನ್‌ನಿಂದ ಅಂಟಿಸುವ ಕ್ರಮ ಬಂದಲ್ಲೆಲ್ಲ ಮನೆಯೊಳಗೆ ಹೊಸ ರಸಾಯನಗಳು ಕಾಲಿಡುತ್ತವೆ. ಸೊಲ್ಯೂಶನ್ ಒಣಗುವುದೆಂದರೆ ಅದರೊಳಗಿನ ದ್ರಾವಕ ಗಾಳಿಗೆ ಸೇರುವುದೆಂದೇ ಅರ್ಥ. ಆ ದ್ರಾವಕ ಟಾಲ್ವೀನ್ ಇರಬಹುದು, ಹೆಕ್ಸೇನ್ ಇರಬಹುದು, ಕಳಪೆ ಮಾಲಿನಲ್ಲಿ ಬೆಂಜೀನ್ ಕೂಡ ಇರಬಹುದು. ಇವುಗಳ ಆವಿ ಗಾಳಿಗಿಂತ ಭಾರವಾದುದರಿಂದ, ಕಿಟಕಿ ಮುಚ್ಚಿದ ಕೋಣೆಯಲ್ಲಿ ನೆಲದ ಮೇಲೆ ಕುಳಿತು ದುಡಿಯುವವನ ಮೂಗಿನ ಮಟ್ಟದಲ್ಲಿಯೇ ಸುಳಿದಾಡುತ್ತದೆ.

ಇದರ ಪರಿಣಾಮವನ್ನು ಊಹಿಸಬೇಕಾಗಿಲ್ಲ. ಇದೇ ಕಸುಬಿನವರು ಬೇರೆಡೆ ಅನುಭವಿಸಿದ್ದಾರೆ. 1960ರ ದಶಕದಲ್ಲಿ ಜಪಾನಿನಲ್ಲಿ ಮನೆಗಳಲ್ಲಿಯೇ ಚಪ್ಪಲಿ ಅಂಟಿಸುತ್ತಿದ್ದ ಕುಟುಂಬಗಳಲ್ಲಿ ಕೈಕಾಲು ಜೋಮು ಹಿಡಿದು ನಡೆಯಲಾಗದ ರೋಗ ಕಾಣಿಸಿಕೊಂಡಿತು. ಅಂಟಿನಲ್ಲಿದ್ದ ಹೆಕ್ಸೇನ್ ನರಗಳನ್ನು ಹಾಳುಮಾಡಿತ್ತು. 1970ರ ದಶಕದಲ್ಲಿ ತುರ್ಕಿಯ ಇಸ್ತಾನ್‌ಬುಲ್‌ನ ಪಾದರಕ್ಷೆ ಕಾರ್ಮಿಕರಲ್ಲಿ ಬೆಂಜೀನ್ ಬೆರೆತ ಅಂಟಿನಿಂದ ರಕ್ತದ ಕ್ಯಾನ್ಸರ್ ಹೆಚ್ಚಿದುದನ್ನು ವೈದ್ಯರು ವರದಿ ಮಾಡಿದರು. ಎರಡೂ ಕಡೆ ರೋಗಿಗಳು ದೊಡ್ಡ ಕಾರ್ಖಾನೆಯ ಕಾರ್ಮಿಕರಲ್ಲ. ಗಾಳಿಯಾಡದ ಚಿಕ್ಕ ಕೋಣೆಗಳಲ್ಲಿ ದುಡಿದ ಸಣ್ಣ ಕಸುಬುದಾರರು. ಅಥಣಿಯವರು ಆ ಪಾಠವನ್ನು ತಮ್ಮ ಮೈಮೇಲೆ ಮತ್ತೊಮ್ಮೆ ಕಲಿಯಬೇಕಾದ ಕಾರಣವಿಲ್ಲ.

ಮಾರುಕಟ್ಟೆಯೂ ಅದನ್ನೇ ಹೇಳುತ್ತದೆ. ಐರೋಪ್ಯ ಒಕ್ಕೂಟವು 2015ರ ಮೇ 1ರಿಂದ ಚರ್ಮದ ವಸ್ತುಗಳಲ್ಲಿ ಆರು ವೇಲೆನ್ಸಿಯ ಕ್ರೋಮಿಯಂ ಕಿಲೋಗ್ರಾಂಗೆ 3 ಮಿಲಿಗ್ರಾಂ ಮೀರಬಾರದೆಂದು ಕಟ್ಟುಮಾಡಿದೆ. ತೊಗಟೆಯಿಂದ ಹದಮಾಡಿದ ಚರ್ಮಕ್ಕೆ ಈ ಭಯವೇ ಇಲ್ಲ. ಹಳೆಯ ಪದ್ಧತಿ ಹಿಂದುಳಿದದ್ದೆಂದು ಕೈಬಿಟ್ಟು, ಅಗ್ಗದ ಅಂಟಿಗೆ ಮೊರೆಹೋದರೆ ಆರೋಗ್ಯದ ಜೊತೆಗೆ ಗಿರಾಕಿಯೂ ಕೈತಪ್ಪುವ ಸಂಭವವುಂಟು.

ಅಂಗಡಿಯಿಂದ ಮನೆಗೆ

ಮನೆಯಲ್ಲಿ ಯಾವ ಕಸುಬೂ ಇಲ್ಲದವರು ನಿಶ್ಚಿಂತರಾಗಿರಬಹುದೇ? ಅದೂ ಇಲ್ಲ. ಕಿರಾಣಿ, ಬಣ್ಣ, ಪ್ಲೈವುಡ್, ಕೃಷಿ ಪರಿಕರಗಳ ಅಂಗಡಿಗಳಿಂದ ಹೋಗುವ ಅನೇಕ ವಸ್ತುಗಳು ಮನೆಯ ಗಾಳಿಯನ್ನು ಮಾರ್ಪಡಿಸುತ್ತವೆ.

ಪ್ಲೈವುಡ್ಡನ್ನು ಕೂಡಿಸುವ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟಿನಿಂದ ಫಾರ್ಮಾಲ್ಡಿಹೈಡ್ ಅನಿಲವು ತಿಂಗಳುಗಟ್ಟಲೆ ಸೋರುತ್ತದೆ; ಶಾಖ ಮತ್ತು ತೇವ ಹೆಚ್ಚಿದಷ್ಟೂ ಸೋರಿಕೆ ಹೆಚ್ಚು. ಅಥಣಿಯ ಬೇಸಿಗೆಯಲ್ಲಿ ಮುಚ್ಚಿದ ಹೊಸ ಕಪಾಟಿನ ಬಾಗಿಲು ತೆರೆದೊಡನೆ ಕಣ್ಣುರಿಯುವುದು ಇದರಿಂದಲೇ. ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಫಾರ್ಮಾಲ್ಡಿಹೈಡನ್ನು ಸೇರಿಸಿದೆ. ನೀರು ತಾಳುವ ದರ್ಜೆಯ ಪ್ಲೈವುಡ್‌ನಲ್ಲಿ ಬಳಸುವ ಫಿನಾಲ್ ಅಂಟಿನಿಂದ ಈ ಸೋರಿಕೆ ಬಹಳ ಕಡಿಮೆ. ಗಿರಾಕಿಗೆ ಈ ಭೇದವನ್ನು ತಿಳಿಸಬಲ್ಲವನು ಅಂಗಡಿಯವನೊಬ್ಬನೇ.

ಸೊಳ್ಳೆಬತ್ತಿಯ ಕಥೆ ಇನ್ನೂ ಸ್ಪಷ್ಟ. ಒಂದು ಬತ್ತಿ ಪೂರ್ತಿ ಉರಿದಾಗ 75ರಿಂದ 137 ಸಿಗರೇಟುಗಳಷ್ಟು ಸೂಕ್ಷ್ಮ ಕಣಗಳು ಹೊರಬೀಳುವುದನ್ನು 2003ರಲ್ಲಿ ಪ್ರಕಟವಾದ ಸಂಶೋಧನೆ ಅಳೆದು ತೋರಿಸಿದೆ. ಕಿಟಕಿಗೆ ಜಾಳಿಗೆ ಮಾರುವ ವರ್ತಕ ಆ ಮನೆಗೆ ಮಾಡುವ ಉಪಕಾರ ಇದರಿಂದ ಅರಿವಾದೀತು. ಶೌಚಾಲಯ ತೊಳೆಯುವ ಆಮ್ಲವನ್ನೂ ಬ್ಲೀಚಿಂಗ್ ಪುಡಿಯನ್ನೂ ಒಟ್ಟಿಗೆ ಸುರಿದರೆ ವಿಷಕಾರಿ ಕ್ಲೋರಿನ್ ಅನಿಲ ಹುಟ್ಟುತ್ತದೆ; ಎರಡನ್ನೂ ಒಂದೇ ಚೀಲದಲ್ಲಿ ಹಾಕಿಕೊಡುವಾಗ ಒಂದು ಮಾತು ಹೇಳಲು ಖರ್ಚಿಲ್ಲ. ಮನೆಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ 2017ರ ನವೆಂಬರ್ 1ರಿಂದ ಜಾರಿಯಲ್ಲಿದೆ. ಹಳೆಯ ಬಣ್ಣ ಕೆರೆದಾಗ ಏಳುವ ದೂಳಿನ ಬಗ್ಗೆ ಬಣ್ಣದವರಿಗೂ ಎಚ್ಚರವಿರಬೇಕು.

ಎಲ್ಲಕ್ಕಿಂತ ಗಂಭೀರವಾದುದು ಕಾಳಿಗೆ ಇಡುವ ಗುಳಿಗೆ. ರಾಯಬಾಗ, ಕಾಗವಾಡಗಳ ಕಡೆ ಗೋದಿ, ಜೋಳ, ಮೆಕ್ಕೆಜೋಳವನ್ನು ಮನೆಯ ಕೋಣೆಯಲ್ಲಿಯೇ ಸಂಗ್ರಹಿಸುವ ರೂಢಿಯಿದೆ. ಅಲ್ಯುಮಿನಿಯಂ ಫಾಸ್ಫೈಡ್ ಗುಳಿಗೆಯು ಗಾಳಿಯ ತೇವ ಹೀರಿ ಫಾಸ್ಫೀನ್ ಎಂಬ ಮಾರಕ ಅನಿಲವನ್ನು ಬಿಡುತ್ತದೆ. ಬಾಗಿಲ ಸಂದಿನಿಂದ ಅದು ಪಕ್ಕದ ಮಲಗುವ ಕೋಣೆಗೆ ಹರಿದರೆ ಬೆಳಗಾಗುವುದರೊಳಗೆ ಅನಾಹುತ ಮುಗಿದಿರುತ್ತದೆ. ತಜ್ಞರ ಮೇಲ್ವಿಚಾರಣೆಯಲ್ಲಿ ಮಾತ್ರ ಬಳಸಬೇಕಾದ ಈ ವಸ್ತುವನ್ನು ಪರಿಚಯದವರೆಂದು ಬಿಡಿಯಾಗಿ ಕೊಡುವುದು ದಾಕ್ಷಿಣ್ಯವಲ್ಲ, ಅಪರಾಧ.

ಎದ್ದೇಳುವ ಆಕ್ಷೇಪಗಳು

ಈ ವಿಚಾರಕ್ಕೆ ಎರಡು ಆಕ್ಷೇಪಗಳು ಸಹಜ. ಬೀಡಿ ಉದ್ಯಮ ಈಗಾಗಲೇ ತೆರಿಗೆ ಮತ್ತು ನಿರ್ಬಂಧಗಳಿಂದ ಬಳಲಿದೆ. ಅದರ ದೋಷವನ್ನು ಉದ್ಯಮದವರೇ ಎತ್ತಿ ಆಡಿದರೆ ಬಡವರ ಅನ್ನಕ್ಕೆ ಕುತ್ತು ಬರುತ್ತದೆ ಎಂಬುದು ಮೊದಲನೆಯದು. ಈ ಭಯದಲ್ಲಿ ಹುರುಳಿದೆ. ಬೀಡಿಯಿಲ್ಲದೆ ಒಲೆ ಹೊತ್ತದ ಮನೆಗಳಿವೆ. 2017ರಲ್ಲಿ ಜಿಎಸ್‌ಟಿ ಬಂದಾಗ, ಬೀಡಿ ಕಾರ್ಮಿಕರ ಕಲ್ಯಾಣ ನಿಧಿಗೆ ಹಣ ಒದಗಿಸುತ್ತಿದ್ದ ಸೆಸ್ ಕೂಡ ರದ್ದಾಯಿತೆಂಬುದನ್ನು ಮರೆಯುವಂತಿಲ್ಲ. ಆದರೆ ಮನೆಯ ದುಡಿಮೆಗಾರ್ತಿ ಕೆಮ್ಮಿ ಹಾಸಿಗೆ ಹಿಡಿದರೆ ಆ ಅನ್ನ ಅಂದೇ ನಿಲ್ಲುತ್ತದೆ. ಕಸುಬನ್ನು ಉಳಿಸಬೇಕೆನ್ನುವವರೇ ಕಸುಬುದಾರರ ಉಸಿರನ್ನೂ ಉಳಿಸಬೇಕು. ಬೀಡಿ ಸೇದುವವನಿಗಾಗುವ ಹಾನಿ ಇದರಿಂದ ಕಡಿಮೆಯಾಗದು, ಅದು ಬೇರೆ ಪ್ರಶ್ನೆ; ಕಟ್ಟುವವಳ ಹಾನಿಯನ್ನು ಇಂದೇ ತಗ್ಗಿಸಬಹುದು.

ಖರ್ಚು ಎಂಬುದು ಎರಡನೆಯ ಆಕ್ಷೇಪ. ಬೇಕಾದ ಕ್ರಮಗಳಲ್ಲಿ ಬಹಳಷ್ಟು ಅಗ್ಗವಾದವು. ತಂಬಾಕನ್ನು ವಖಾರದಲ್ಲಿಯೇ ಸೋಸಿ, ನಯವಾದ ದೂಳು ತೆಗೆದು, ಮುಚ್ಚಿದ ಚೀಲದಲ್ಲಿ ಕೊಟ್ಟರೆ ಮನೆಯಲ್ಲಿ ಕೇರುವ ಪ್ರಮೇಯವಿಲ್ಲ. ಮೊರವನ್ನು ಅಡುಗೆಮನೆಯಿಂದ ಪಡಸಾಲೆಗೆ ಒಯ್ಯಲು ಹಣ ಬೇಡ. ಅಂಟಿನ ಡಬ್ಬದ ಮುಚ್ಚಳವನ್ನು ಮುಚ್ಚಿಡುವುದಕ್ಕೆ, ಎದುರುಬದುರು ಕಿಟಕಿ ತೆರೆಯುವುದಕ್ಕೆ ಯಾವ ಸಬ್ಸಿಡಿಯೂ ಬೇಕಿಲ್ಲ. ಸ್ವಲ್ಪ ದುಡ್ಡು ಬೇಕಾಗುವಲ್ಲಿಯೂ, ಹತ್ತು ಮನೆಗಳಿಗೊಂದು ಗಾಳಿಯಾಡುವ ಚಪ್ಪರ, ಅಂಟಿಸುವ ಕೆಲಸಕ್ಕೊಂದು ಎಕ್ಸಾಸ್ಟ್ ಫ್ಯಾನ್ ಉಳ್ಳ ಸಾಮೂಹಿಕ ಕೋಣೆ, ನೀರಿನಾಧಾರದ ಅಂಟಿನ ಸಗಟು ಖರೀದಿ ಇವೆಲ್ಲ ಒಬ್ಬೊಬ್ಬರಿಗೆ ಭಾರವೆನಿಸಿದರೂ ಸಂಘಕ್ಕೆ ಭಾರವಲ್ಲ.

ಸಂಘದ ಮುಂದಿರುವ ಕೆಲಸ

ಅಳತೆಯಿಲ್ಲದೆ ವ್ಯಾಪಾರವಿಲ್ಲ. ಸೂಕ್ಷ್ಮ ಕಣಗಳನ್ನೂ ಕಾರ್ಬನ್ ಮಾನಾಕ್ಸೈಡನ್ನೂ ಅಳೆಯುವ ಕೈಯಲ್ಲಿ ಹಿಡಿಯುವಂತಹ ಮೀಟರುಗಳು ಇಂದು ಸುಲಭವಾಗಿ ದೊರೆಯುತ್ತವೆ. ವಾಣಿಜ್ಯ ಸಂಘವು ಅಂತಹ ಕೆಲವನ್ನು ಕೊಂಡು, ಐದು ತಾಲ್ಲೂಕುಗಳ ವಿಜ್ಞಾನ ಕಾಲೇಜುಗಳ ರಸಾಯನಶಾಸ್ತ್ರ ವಿಭಾಗಗಳ ನೆರವಿನಿಂದ, ಬೀಡಿ ಮನೆ, ಚಪ್ಪಲಿ ಮನೆ, ಕಟ್ಟಿಗೆ ಒಲೆಯ ಮನೆ ಹಾಗೂ ಅನಿಲ ಒಲೆಯ ಮನೆಗಳಲ್ಲಿ ಬೇಸಿಗೆ, ಮಳೆಗಾಲ, ಚಳಿಗಾಲ ಮೂರರಲ್ಲಿಯೂ ಅಳತೆ ಮಾಡಿಸಬೇಕು. ಮನೆಯವರ ಹೆಸರು ಗುಪ್ತವಾಗಿರಲಿ, ಅಂಕಿಗಳು ಪ್ರಕಟವಾಗಲಿ.

ಸದಸ್ಯ ವರ್ತಕರು ಅಂಟು, ಬಣ್ಣ, ಪ್ಲೈವುಡ್ ತಯಾರಕರಿಂದ ಮಾಲಿನಲ್ಲಿ ಏನೇನಿದೆಯೆಂಬ ಲಿಖಿತ ವಿವರಪತ್ರವನ್ನು ಕೇಳಿ ಪಡೆಯಲಿ. ಒಬ್ಬ ಚಿಲ್ಲರೆ ವರ್ತಕ ಕೇಳಿದರೆ ಉತ್ತರ ಬಾರದಿರಬಹುದು. ಐದು ತಾಲ್ಲೂಕುಗಳ ಪೇಟೆ ಒಟ್ಟಾಗಿ ಕೇಳಿದರೆ ಬಂದೇ ಬರುತ್ತದೆ. ಬೀಡಿ ಗುತ್ತಿಗೆದಾರರು ಸಾವಿರ ಬೀಡಿಯ ದರ ನಿಗದಿಯಾಗುವಾಗಲೇ, ಸೋಸಿದ ತಂಬಾಕು ಮತ್ತು ಕೆಲಸದ ಚಪ್ಪರದ ವಿಷಯವನ್ನೂ ಮಾತುಕತೆಗೆ ಸೇರಿಸಲಿ.

ವ್ಯಾಪಾರಸ್ಥನ ಲೆಕ್ಕದ ಪುಸ್ತಕದಲ್ಲಿ ಗಾಳಿಗೆ ಕಲಮಿಲ್ಲದ ಮಾತ್ರಕ್ಕೆ ಅದರ ಖರ್ಚು ಯಾರೂ ತೆರುತ್ತಿಲ್ಲವೆಂದಲ್ಲ. ಆಸ್ಪತ್ರೆಯ ಬಿಲ್ಲಿನ ರೂಪದಲ್ಲಿ, ಕಳೆದುಹೋದ ದುಡಿಮೆಯ ದಿನಗಳ ರೂಪದಲ್ಲಿ ಅದು ಯಾವುದೋ ಮನೆಯ ಖಾತೆಗೆ ಬೀಳುತ್ತಲೇ ಇದೆ. ಅಂತಹ ಮನೆಗಳ ಬೆವರಿನಿಂದಲೇ ನಿಪ್ಪಾಣಿಯ ತಂಬಾಕಿಗೂ ಅಥಣಿಯ ಚಪ್ಪಲಿಗೂ ಹೆಸರು ಬಂದಿದೆ. ಹಿರಿಯರು ಮಾಳಿಗೆಯಲ್ಲಿ ಬಿಟ್ಟಿದ್ದ ಬೆಳಕಿಂಡಿಯನ್ನು ಮತ್ತೆ ತೆರೆಯಿಸುವ ಹೊಣೆ ಈ ಪೇಟೆಗಳ ಮೇಲಿದೆ.